ಅತ್ತೆಯವರ ಮುಂದೆ ಬೀಜಗಣಿತ

ಫ್ರೀಜರ್‌ನಿಂದ ತೆಗೆದು ನೀರಿಗೆ ಹಾಕಿದ್ದ ಅವರೆಕಾಳನ್ನು ಹಿತುಕುತ್ತಾ ಕುಳಿತಿದ್ದೆ. ಬೆರಳ ಸಂದಿಯಲ್ಲಿ ಒತ್ತಿದರೆ ಬೇಳೆ ಚಂಗನೆ ಹಾರಿ ಬೋಗುಣಿಗೆ ಬೀಳಬೇಕು. ಅಂದು ಅರ್ಧ ಬೋಗುಣಿಗೆ, ಇನ್ನರ್ಧ ನೆಲಕ್ಕೆ. ಅಷ್ಟರಲ್ಲಿ ಫೋನು ಬಂತು. ಎರಡೂ ಕೈ ಲೋಳೆಯಾಗಿದ್ದವು. ಮೊಣಕೈಯಿಂದಲೇ ಹೇಗೋ ಸ್ಪೀಕರ್ ಒತ್ತಿದೆ.

"ಅಕ್ಕಾರ, ಕರದಾರ್ರಿ! ಸ್ಕೂಲಿನವ್ರು ಕರದಾರ! ಮುಂದಿನ ಗುರುವಾರ ಡೆಮೋ ಕ್ಲಾಸ್ ತೊಗೋಬೇಕಂತ!"

"ದೇವರು ದೊಡ್ಡವನು ಗಿರಿಜಾ! ಯಾವ ಟಾಪಿಕ್ಕು?"

"ಆಲ್ಜೀಬ್ರಾದ್ದು, ಪ್ರೂಫು. ಮುಂದ ಹುಡುಗ್ರು, ಹಿಂದ ಪ್ರಿನ್ಸಿಪಾಲ್. ಅವರ ಮನಸ್ಸಿಗೆ ಬಂದ್ರ ಕೆಲಸ. ಬರಲಿಲ್ಲಂದ್ರ…"

"ಬರಲಿಲ್ಲ ಅಂದ್ರೆ ಅನ್ನೋ ಮಾತೇ ಬೇಡ."

"ನಾಳೆ ನಿಮ್ಮನಿಗೆ ಬರ್ತೀನಿ. ಅಜ್ಜಿ ಮುಂದ ಒಂದ್ಸಲ ಹೇಳಿ ನೋಡ್ಬೇಕು."

ಫೋನಿಟ್ಟ ಮೇಲೆ ನೆಲದ ಬೇಳೆ ಆರಿಸುವುದನ್ನೂ ಮರೆತು ದೇವರ ಮುಂದೆ ಹೋಗಿ ನಿಂತೆ. ಪಾಠ ಹೇಳುವುದನ್ನು ನಾನು ನಿಲ್ಲಿಸಿಯಾಗಿತ್ತು. ಗಿರಿಜಾ ನನ್ನ ಕೊನೆಯ ವಿದ್ಯಾರ್ಥಿನಿ. ನಲವತ್ತು ದಾಟಿದ, ಧಾರವಾಡದ, ಕಾಲೇಜಿಗೆ ಹೋಗುವ ಮಗಳಿರುವ ವಿದ್ಯಾರ್ಥಿನಿ. ಇಲ್ಲಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಬೇಕೆಂಬುದು ಅವಳ ಆಸೆ. ಅದಕ್ಕೆ ಬೇಕಾದ ರಾಜ್ಯದ ಪರೀಕ್ಷೆಯನ್ನು ಒಮ್ಮೆ ಬರೆದು ಬಿದ್ದು, ಮತ್ತೆ ಬರೆದು ಗೆದ್ದಿದ್ದಳು. ಉಳಿದಿದ್ದು ಈ ಒಂದು ತರಗತಿ.

ಆ ತರಗತಿಯಲ್ಲಿ ಆದದ್ದನ್ನು ಹೇಳಬೇಕಾದರೆ ನನ್ನ ಕೆಲಸದ ಕಥೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಈಚೆಗೆ ಇಲ್ಲಿನ ಹೊಸ ಹೆಣ್ಣುಮಕ್ಕಳು ಕೆಲವರು, "ಆಂಟಿ, ನಾವೂ ಮನೆಯಲ್ಲೇ ಮ್ಯಾಥ್ಸ್ ಟ್ಯೂಷನ್ ಶುರು ಮಾಡ್ಬೇಕು ಅಂತಿದೀವಿ, ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರಿಗೂ ಇದು ಉತ್ತರವಾದೀತು.

ಮೈಸೂರಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಅಮೆರಿಕದ ಈ ಮನ್ರೋ ಎಂಬ ಊರಿಗೆ ಬಂದು ಅಡುಗೆ ಮನೆ ಸೇರಿದವಳು ನಾನು. ಪಕ್ಕದ ಬೀದಿಯ ಕನ್ನಡದವರ ಮಗು ಒಂದು ದಿನ ಲೆಕ್ಕ ಬರದೆ ಅಳುತ್ತಾ ಬಂತು. ಹೇಳಿಕೊಟ್ಟೆ. ಮಾರನೆಯ ವಾರ ಅದು ಇನ್ನಿಬ್ಬರನ್ನು ಕರೆದುಕೊಂಡು ಬಂತು. ಹೀಗೆ ಶುರುವಾದ ಕೆಲಸ ಇದು. ಅರ್ಜಿಯಿಲ್ಲ, ಆರ್ಡರ್ ಇಲ್ಲ. ಬಡ್ತಿ ಸಿಕ್ಕಿದ್ದು ಒಂದೇ ಸಲ: ಡೈನಿಂಗ್ ಟೇಬಲ್‌ನಿಂದ ಬೇಸ್‌ಮೆಂಟ್‌ಗೆ. ಅಲ್ಲಿ ಚಳಿ ಹೆಚ್ಚೆಂದು ನಾನೇ ಮತ್ತೆ ಹಿಂಬಡ್ತಿ ಪಡೆದು ಮೇಲಕ್ಕೆ ಬಂದೆ.

ಮೇಲಧಿಕಾರಿ ಅಂತ ನನಗೆ ಇದ್ದವರು ನಮ್ಮ ಅತ್ತೆ. ಮಾವನವರು ಹೋದ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದವರು. ಮಕ್ಕಳಿಗೆಲ್ಲಾ ಅಜ್ಜಿ. ಪಾಠದ ಹೊತ್ತಿಗೆ ಸರಿಯಾಗಿ ಮೇಜಿನ ತುದಿಯ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಾ ಕೂರುವರು. ಅವರಿಗೆ ಇಂಗ್ಲಿಷ್ ಬಾರದು, ಬೀಜಗಣಿತವೂ ಬಾರದು. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಇರಲಿಕ್ಕೂ ಅವರಿಂದಾಗದು. "ಏನಂತೆ? ಯಾಕಂತೆ?" ಎಂದು ಕೇಳುತ್ತಲೇ ಇರುವರು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಆಮೇಲೆ ಅದನ್ನೇ ಪದ್ಧತಿ ಮಾಡಿಕೊಂಡೆ. ಲೆಕ್ಕ ಮುಗಿಸಿದ ಮಗು ಅದನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸಬೇಕು. ಅಜ್ಜಿ ತಲೆಯಾಡಿಸಿದರೆ ಮಾತ್ರ ಮುಂದಿನ ಲೆಕ್ಕ.

"ದಟ್ಸ್ ನಾಟ್ ಫೇರ್ ಆಂಟಿ, ಶಿ ಡಸಂಟ್ ನೋ ಮ್ಯಾಥ್!" ಎಂದು ಮಕ್ಕಳು ಗೋಗರೆಯುತ್ತಿದ್ದವು.

"ಅದಕ್ಕೇ ಅವರಿಗೆ ಹೇಳು ಅಂದಿದ್ದು. ಗೊತ್ತಿರೋರಿಗೆ ಹೇಳೋದರಲ್ಲಿ ಏನಿದೆ?" ಎನ್ನುತ್ತಿದ್ದೆ.

ಒಮ್ಮೆ ಒಬ್ಬ ಹುಡುಗ, ಎರಡು ಬೆಸ ಸಂಖ್ಯೆ ಕೂಡಿದರೆ ಸಮ ಬರುತ್ತದೆ ಎನ್ನುವುದಕ್ಕೆ ಮೂರು ಮತ್ತು ಐದು ಎಂಟು, ಏಳು ಮತ್ತು ಒಂಬತ್ತು ಹದಿನಾರು ಎಂದು ಹೇಳಿ ಎದ್ದುಬಿಟ್ಟ. ಅತ್ತೆ ಬತ್ತಿ ಕೆಳಗಿಟ್ಟು, "ಅದು ಸರಿ ಮರಿ. ಯಾವಾಗ್ಲೂ ಹಂಗೇನಾ? ಇನ್ನೊಂದ್ಸಲ ಬೇರೆ ಬಂದ್ರೆ?" ಎಂದರು. ಅವನು ಇನ್ನೂ ನಾಲ್ಕು ಜೋಡಿ ಹೇಳಿದ. "ಅದು ಹೇಳಿದ್ಯಲ್ಲ, ಹೇಳದೇ ಇರೋದು?" ಎಂದರು. ಹುಡುಗ ಸುಸ್ತಾಗಿ ನನ್ನ ಮುಖ ನೋಡಿದ. ಸಾಧನೆ, ಅಂದರೆ ಪ್ರೂಫು, ಯಾಕೆ ಬೇಕು ಎಂದು ನಾನು ವರ್ಷಗಟ್ಟಲೆ ಹೇಳಿದ್ದರೂ ಅಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ. ಅಂದು ಅವನು ಕೊನೆಗೆ ಬಾಗಿಲ ಬಳಿಯ ಶೂಗಳನ್ನು ತಂದು, ಎರಡು ಬೆಸ ರಾಶಿ ಹಾಕಿ, ಜೋಡಿ ಮಾಡಿ, ಪ್ರತಿ ರಾಶಿಯಲ್ಲೂ ಒಂಟಿಯಾಗಿ ಉಳಿದದ್ದನ್ನು ಪಕ್ಕಪಕ್ಕ ಇಟ್ಟು ಅಜ್ಜಿಯನ್ನು ಒಪ್ಪಿಸಿದ. ಅಡುಗೆ ಮನೆಗೆ ಶೂ ತಂದದ್ದಕ್ಕೆ ಬೈಸಿಕೊಂಡದ್ದು ಬೇರೆ.

ಕರಣಿಗಳ, ಅಂದರೆ ವರ್ಗಮೂಲಗಳ, ಪಾಠದಲ್ಲಿ ಎಲ್ಲ ಮಕ್ಕಳೂ ಒಂದೇ ಕಡೆ ಎಡವುತ್ತಾರೆ. ಎಂಟರ ವರ್ಗಮೂಲಕ್ಕೆ ಹದಿನೆಂಟರ ವರ್ಗಮೂಲ ಕೂಡಿಸು ಎಂದರೆ ಇಪ್ಪತ್ತಾರರ ವರ್ಗಮೂಲ ಎಂದು ಬರೆದು ಕೈ ಕಟ್ಟಿ ಕೂರುತ್ತಾರೆ. ಬೈಯಬೇಡಿ. "ಒಂಬತ್ತರ ಮೂಲ, ಹದಿನಾರರ ಮೂಲ ಕೂಡಿಸು" ಎನ್ನಿ. ಮೂರು ಮತ್ತು ನಾಲ್ಕು, ಏಳು. "ಇಪ್ಪತ್ತೈದರ ಮೂಲ?" ಐದು. ಮಗುವಿನ ಮುಖದಲ್ಲಿ ಆಗ ಮೂಡುವ ಗಾಬರಿ ನೋಡುವುದೇ ಒಂದು ಸುಖ. ಆಮೇಲೆ ಎಂಟನ್ನು ನಾಲ್ಕು ಎರಡಲಿ ಎಂದು ಒಡೆದು, ಹದಿನೆಂಟನ್ನು ಒಂಬತ್ತು ಎರಡಲಿ ಎಂದು ಒಡೆದು, 2√2 ಮತ್ತು 3√2 ಸೇರಿ 5√2 ಎಂದು ತಾನೇ ಕಂಡುಕೊಳ್ಳುತ್ತದೆ. ಕ್ಯಾಲ್ಕುಲೇಟರ್ ತೆಗೆದು ದಶಮಾಂಶ ಬರೆಯಲು ಬಿಡಬೇಡಿ. ಮೂಲವನ್ನು ಮೂಲವಾಗಿಯೇ ಇಟ್ಟುಕೊಳ್ಳುವ ತಾಳ್ಮೆ ಬಂದರೆ ಅರ್ಧ ಪಾಠ ಮುಗಿದಂತೆ.

ನಾನೂ ಎಡವಿದ್ದೇನೆ. ಸಮೀಕರಣದ ಎರಡೂ ಕಡೆ ಒಟ್ಟಿಗೇ ಹಿಡಿದು, ಈ ಕಡೆಯದನ್ನು ಆ ಕಡೆಗೆ ದಾಟಿಸಿ, ಕೊನೆಗೆ ಸೊನ್ನೆಗೆ ಸೊನ್ನೆ ಸಮ ಎಂದು ಬರೆಸಿ, ಕೆಳಗೆ "ಸಾಧಿಸಿದೆ" ಎಂದು ಚೌಕ ಹಾಕಿಸುತ್ತಿದ್ದೆ. ನನಗೆ ಹಾಗೆಯೇ ರೂಢಿಯಾಗಿತ್ತು. ನನ್ನ ಮೊದಲ ತಂಡ ಇಡಿಯಾಗಿ ಆ ಪ್ರಶ್ನೆಗೆ ಅಂಕ ಕಳೆದುಕೊಂಡು ಬಂತು. ಸಾಧಿಸಬೇಕಾದ್ದನ್ನು ಮೊದಲೇ ಒಪ್ಪಿಕೊಂಡಿದ್ದೀರಿ ಎಂದು ಶಾಲೆಯ ಟೀಚರ್ ಬರೆದಿದ್ದರು. ಅತ್ತೆಗೆ ವಿಷಯ ತಿಳಿಸಿದೆ.

"ಅಂದ್ರೆ ಲಗ್ನಪತ್ರಿಕೆ ಅಚ್ಚು ಹಾಕಿಸಿ ಆಮೇಲೆ ಜಾತಕ ನೋಡಿದ ಹಾಗಾಯ್ತು ಅನ್ನು."

"ಹೂಂ ಅತ್ತೆ."

"ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ ಬಿಡು."

ಅಂದಿನಿಂದ ಒಂದೇ ಕಡೆಯಿಂದ ಹೊರಟು ಇನ್ನೊಂದು ಕಡೆ ತಲುಪುವ ನಿಯಮ ಮಾಡಿದೆ. ಜೊತೆಗೆ ಇನ್ನೊಂದು: ಆಂಟಿ ಬೋರ್ಡಿನ ಮೇಲೆ ಮಾಡಿದ ತಪ್ಪು ಹಿಡಿದವರಿಗೆ ಅಜ್ಜಿಯ ಡಬ್ಬಿಯಿಂದ ಕೊಬ್ಬರಿ ಮಿಠಾಯಿ. ಆಮೇಲೆ ನೋಡಬೇಕಿತ್ತು ಆ ಮಕ್ಕಳ ಕಣ್ಣು! ಒಂದೊಂದು ಸಾಲನ್ನೂ ಹದ್ದಿನ ಹಾಗೆ ನೋಡುತ್ತಿದ್ದವು. ಕೆಲವೊಮ್ಮೆ ಬೇಕೆಂದೇ ತಪ್ಪು ಬರೆಯುತ್ತಿದ್ದೆ. ಬೇಕೆನ್ನದೆ ಬರೆದವೂ ಸಾಕಷ್ಟಿದ್ದವು. ಎರಡಕ್ಕೂ ಮಿಠಾಯಿಯ ಅಳತೆ ಒಂದೇ.

ಸದಿಶಗಳ, ಅಂದರೆ ವೆಕ್ಟರ್‌ಗಳ, ಪಾಠದಲ್ಲಿ ನಕ್ಕಷ್ಟು ನಾವು ಬೇರೆಲ್ಲೂ ನಕ್ಕಿಲ್ಲ. ಹೊರಟ ಜಾಗಕ್ಕೇ ವಾಪಸ್ಸು ಬಂದರೆ ಸದಿಶಗಳ ಮೊತ್ತ ಸೊನ್ನೆ ಎಂದು ಹೇಳಿ, ಉದಾಹರಣೆಗೆ ದೇವಸ್ಥಾನದ ಪ್ರದಕ್ಷಿಣೆಯನ್ನು ತೆಗೆದುಕೊಂಡಿದ್ದೆ. ಅನಘಾ, ಅಂದರೆ ಗಿರಿಜಾಳ ಮಗಳು, ಆಗ ಇನ್ನೂ ಹೈಸ್ಕೂಲು, ತಟ್ಟನೆ ಅತ್ತೆಯತ್ತ ತಿರುಗಿ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: "ಅಜ್ಜಿ, ನೀವು ಟೆಂಪಲ್‌ನಲ್ಲಿ ಅಷ್ಟು ರೌಂಡ್ ಹಾಕಿದ್ರಲ್ಲಾ, ನೀವು ಎಲ್ಲಿಗೂ ಹೋಗಿಲ್ಲ!"

"ಎಲ್ಲಿಗೂ ಹೋಗಿಲ್ವಾ? ಹಾಗಾದ್ರೆ ಈ ಕಾಲುನೋವು ಯಾರದ್ದೇ?"

ದೂರ ಬೇರೆ, ಸ್ಥಾನಪಲ್ಲಟ ಬೇರೆ ಎನ್ನುವುದು ಆ ತಂಡದ ಯಾವ ಮಗುವಿಗೂ ಮತ್ತೆ ಮರೆತುಹೋಗಲಿಲ್ಲ.

ಪದ್ಧತಿಗಳು ಬದಲಾಗುತ್ತಲೇ ಬಂದವು. ಕ್ಯಾಲ್ಕುಲೇಟರ್ ಗ್ರಾಫ್ ಬರೆಯತೊಡಗಿತು. ಆಮೇಲೆ ಪಾಠವೆಲ್ಲಾ ಕಂಪ್ಯೂಟರ್ ತೆರೆಗೆ ಹೋಯಿತು, ಆಗ ಅತ್ತೆ ಕ್ಯಾಮೆರಾಕ್ಕೆ ಹಣೆ ಮಾತ್ರ ತೋರಿಸುತ್ತಾ "ಯಾಕಂತೆ?" ಎಂದು ಕೇಳುತ್ತಿದ್ದರು. ಈಗಂತೂ ಲೆಕ್ಕದ ಫೋಟೋ ತೆಗೆದರೆ ಫೋನೇ ಉತ್ತರ ಬರೆದುಕೊಡುತ್ತದೆ. ಬೇಡ ಎಂದು ಜಗಳಕ್ಕೆ ಹೋಗಬೇಡಿ. ಬರೆದದ್ದನ್ನು ಓದಿ ಇನ್ನೊಬ್ಬರಿಗೆ ಹೇಳು ಎನ್ನಿ. ಅಷ್ಟೇ. ಮಂಡಿನೋವು, ಕಣ್ಣಿನ ಆಪರೇಷನ್ ಎಲ್ಲಾ ಒಟ್ಟಿಗೆ ಬಂದಾಗ ನಾನು ನಿಲ್ಲಿಸಿದೆ. ಆಪರೇಷನ್ ಚೆನ್ನಾಗಿ ಆಯಿತು, ದೇವರ ದೀಪದ ಬತ್ತಿ ಮತ್ತೆ ಸ್ಪಷ್ಟವಾಗಿ ಕಾಣುತ್ತದೆ, ಅದು ಚಾಮುಂಡಿ ತಾಯಿಯ ದಯೆ.

ಗಿರಿಜಾ ನನಗೆ ಸಿಕ್ಕಿದ್ದು ಮಗಳ ಪಾಠದ ದಿನಗಳಲ್ಲೇ. ಅನಘಾಳನ್ನು ಬಿಟ್ಟು, ಪಾಠ ಮುಗಿಯುವವರೆಗೂ ನಮ್ಮ ಡ್ರೈವ್‌ವೇಯಲ್ಲಿ ಕಾರಿನೊಳಗೇ ಕೂರುತ್ತಿದ್ದಳು. ಒಂದು ಸಂಜೆ ಹಿಮ ಬೀಳುತ್ತಿತ್ತು. ಶಾಲು ಹೊದ್ದು ಹೋಗಿ ಕಿಟಕಿ ತಟ್ಟಿದೆ. ಗಾಜಿಳಿಸಿದಳು. ತೊಡೆಯ ಮೇಲೆ ಮಗಳ ಹೋಮ್‌ವರ್ಕಿನ ಹಾಳೆ, ಕೈಯಲ್ಲಿ ಪೆನ್ಸಿಲು.

"ಏನು ಮಾಡ್ತಿದ್ದೀರಮ್ಮಾ?"

"ಸುಮ್ನ ಕೂತು ಬ್ಯಾಸರಾತ್ರಿ. ಇದನ್ನ ಬಿಡಿಸ್ಲಿಕ್ಕತ್ತಿದ್ದೆ." ಅವಳು ನಾಚಿ ಹಾಳೆ ಮುಚ್ಚಿಕೊಂಡಳು. "ಬಿ.ಎಸ್ಸಿ. ಮುಗಿಸೇನ್ರಿ ಅಕ್ಕಾರ. ಗಣಿತ ಅಂದ್ರ ಜೀವ ಇತ್ತು. ಲಗ್ನ ಆತು, ಇಲ್ಲಿಗೆ ಬಂದೆ, ವೀಸಾ ಕೆಲಸಕ್ಕ ಬಿಡಲಿಲ್ಲ. ಈಗ ಗ್ರೀನ್ ಕಾರ್ಡ್ ಬಂದದ, ಆದ್ರ ಎಲ್ಲಾ ಮರತೀನಿ."

"ಮರೆತವರು ಹಿಮದಲ್ಲಿ ಕೂತು ಲೆಕ್ಕ ಮಾಡ್ತಾರಾ? ಬನ್ನಿ ಒಳಗೆ."

ಅಂದು ಒಳಗೆ ಬಂದವಳು ಮೇಜಿನ ಇನ್ನೊಂದು ತುದಿಯಲ್ಲಿ ಮಗಳ ಪಕ್ಕದಲ್ಲೇ ಕುಳಿತಳು. ಮಗಳು ಮುಗಿಸಿ ಹೋದ ಮೇಲೂ ಅವಳು ಬರುತ್ತಲೇ ಇದ್ದಳು. ಬೇಕಾದ ಕೋರ್ಸುಗಳನ್ನೆಲ್ಲಾ ಒಂದೊಂದಾಗಿ ಮುಗಿಸಿದಳು. ನಾನು ಪಾಠ ನಿಲ್ಲಿಸಿದ್ದೇನೆಂದು ಊರಿಗೆಲ್ಲಾ ಹೇಳಿದರೂ ಅವಳಿಗೆ ಹೇಳಲಾಗಲಿಲ್ಲ.

ಡೆಮೋದ ಹಿಂದಿನ ವಾರ ನಮ್ಮ ಅಡುಗೆ ಮನೆಯಲ್ಲಿ ದಿನಾ ತಾಲೀಮು. ಅನಘಾಳೂ ಬರುತ್ತಿದ್ದಳು. "ಮಾಮ್, ಡೋಂಟ್ ಸೇ ಝೆಡ್. ಸೇ ಝೀ. ಆಂಡ್ ಸ್ಮೈಲ್!" ಎಂದು ಅವಳು, "ಯಾಕೆ? ಯಾವಾಗ್ಲೂನಾ?" ಎಂದು ಅತ್ತೆ. ನಡುವೆ ಗಿರಿಜಾ, ಮಾರ್ಕರ್ ಹಿಡಿದು ಬೆವರುತ್ತಾ. ಗುರುವಾರ ಬೆಳಿಗ್ಗೆ ನಮಸ್ಕಾರ ಮಾಡಿ ಹೋಗಲು ಬಂದಳು. ಪೂಜೆಗೆ ನೈವೇದ್ಯ ಮಾಡಿದ ಕಲ್ಲುಸಕ್ಕರೆಯನ್ನು ಒಂದು ಪುಟ್ಟ ಝಿಪ್‌ಲಾಕ್ ಚೀಲಕ್ಕೆ ಹಾಕಿ, "ಪ್ರಸಾದ, ಪರ್ಸಿನಲ್ಲಿಟ್ಟುಕೋ, ಧೈರ್ಯ ಬರುತ್ತೆ" ಎಂದು ಕೊಟ್ಟೆ.

ಮಧ್ಯಾಹ್ನ ಅವಳು ವಾಪಸ್ಸು ಬಂದಾಗ ಮುಖ ಊದಿತ್ತು. ಕುರ್ಚಿಯಲ್ಲಿ ಕುಸಿದು ಕುಳಿತಳು.

"ಹೋತ್ರಿ ಅಕ್ಕಾರ. ಎಲ್ಲಾ ಹೋತು."

ಅತ್ತೆ ಮಜ್ಜಿಗೆ ಕೊಡಿಸಿದರು. ಕುಡಿದು ಹೇಳಿದಳು.

"ಎರಡು ಬೆಸ ಕೂಡಿದ್ರ ಸಮ, ಅದನ್ನ ಹೇಳಿದೆ. ಉದಾಹರಣೆ ಕೊಟ್ರು. ಅಜ್ಜಿ ಕೇಳ್ದಂಗ 'ಆಲ್ವೇಸ್?' ಅಂತ ಕೇಳಿದೆ. ಚಲೋನ ನಡದಿತ್ತು. ಬೋರ್ಡಿನ ಮ್ಯಾಲೆ ಮೊದಲನೇ ಬೆಸಕ್ಕ 2n + 1 ಅಂತ ಬರದೆ. ಎರಡನೇದಕ್ಕೂ 2n + 1 ಅಂತನ ಬರದುಬಿಟ್ಟೆ!"

"ಅಯ್ಯೋ ಗಿರಿಜಾ."

"ಕೂಡಿಸಿ ಮುಗಿಸಿದೆ ಸುದ್ದಾ. ಹಿಂದ ಒಬ್ಬಾಕಿ, ನೀಲಿ ಬಣ್ಣದ ಕೂದಲಾಕಿ, ಕೈ ಎತ್ತಿ ಅಂದ್ಲು, 'ಮಿಸ್, ಅದು ಒಂದ ನಂಬರು ಎರಡು ಸಲ ಆತಲ್ಲ. ಮೂರು ಮತ್ತ ಏಳು ತೊಗೊಂಡ್ರ ಏನ್ಮಾಡ್ತೀರಿ?'"

"ಅಳಿಸಿ ಸರಿ ಮಾಡಿದ್ಯಾ?"

"ಇಲ್ಲರಿ. ನೀವು ಮಾಡ್ದಂಗ ಮಾಡಿದೆ. 'ನೀ ಹೇಳೋದು ಖರೇ. ಹಂಗಾದ್ರ ನಾ ಇಷ್ಟೊತ್ತು ಸಾಧಿಸಿದ್ದೇನು?' ಅಂತ ಕ್ಲಾಸಿಗೇ ಕೇಳಿದೆ. ಒಬ್ಬಾಂವ ಅಂದ, ಬೆಸದ ಎರಡು ಪಟ್ಟು ಸಮ ಅಂತ ಸಾಧಿಸೀರಿ, ಅಷ್ಟ. ಇನ್ನೊಬ್ಬಾಕಿ ಎರಡನೇದಕ್ಕ ಬ್ಯಾರೆ ಅಕ್ಷರ ಬೇಕು ಅಂದ್ಲು. ಅವರ 2m + 1 ಅಂತ ಬರಸಿದ್ರು, ಅವರ ಕೂಡಿಸಿದ್ರು, ಎರಡನ್ನ ಅವರ ಹೊರಗ ತಗದ್ರು."

"ಮತ್ತೆ ಅಳೋದು ಯಾಕೆ? ಚೆನ್ನಾಗೇ ಆಗಿದೆಯಲ್ಲ!"

"ಮುಂದಿಂದು ಕೇಳ್ರಿ." ಅವಳು ಮುಖ ಮುಚ್ಚಿಕೊಂಡಳು. "ಖುಷಿಯಾಗಿ ನಾ ಎಲ್ಲಿದೀನಿ ಅನ್ನೋದ ಮರತೆ. ತಪ್ಪು ಹಿಡದಾಕಿಗೆ ಏನರ ಕೊಡಬೇಕಲ್ಲ? ಪರ್ಸಿಗೆ ಕೈ ಹಾಕಿ, ಆ ಚೀಲ ತಗದು, ಆ ಹುಡುಗಿ ಕೈಯಾಗ ಇಟ್ಟೆ."

ಕಾರು ನಿಲ್ಲಿಸಿ ಆಗಷ್ಟೇ ಒಳಗೆ ಬಂದಿದ್ದ ಅನಘಾ ಕಿರುಚಿದಳು.

"ಮಾಮ್! ನೀನು ಸ್ಕೂಲಲ್ಲಿ ಒಬ್ಬಳು ಕಿಡ್‌ಗೆ, ಝಿಪ್‌ಲಾಕ್ ಬ್ಯಾಗಲ್ಲಿ, ವೈಟ್ ಕ್ರಿಸ್ಟಲ್ಸ್ ಕೊಟ್ಟೆಯಾ? ಪ್ರಿನ್ಸಿಪಾಲ್ ಮುಂದೆ?"

"ಪ್ರಿನ್ಸಿಪಾಲ್ ಎದ್ದು ಓಡಿ ಬಂದ್ರು. 'ವಾಟ್ ಈಸ್ ದಿಸ್?' ಅಂದ್ರು. 'ಶುಗರ್ ಸರ್. ಗಾಡ್ಸ್ ಶುಗರ್' ಅಂದೆ."

ಅನಘಾ ನೆಲದ ಮೇಲೇ ಕುಳಿತುಬಿಟ್ಟಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ, ಅಮ್ಮ ಅಳುತ್ತಿದ್ದಾಳೆಂದು ನಗಲೂ ಆಗುತ್ತಿರಲಿಲ್ಲ. ಅತ್ತೆಗೆ ಏನೂ ಅರ್ಥವಾಗದೆ, "ಕಲ್ಲುಸಕ್ಕರೆ ಕೊಟ್ರೆ ಏನಾಯ್ತಂತೆ? ಯಾಕಂತೆ?" ಎಂದು ಕೇಳಿದರು. ಇಲ್ಲಿ ಅಂಥ ಚೀಲದಲ್ಲಿ ಬಿಳಿ ಹರಳು ಕಂಡರೆ ಮಾದಕದ್ರವ್ಯ ಎಂದುಕೊಳ್ಳುತ್ತಾರೆ ಎಂದು ಹೇಳಿದೆವು. ಅವರಿಗೆ ಆಗಲೂ ಒಪ್ಪಿಗೆಯಾಗಲಿಲ್ಲ. ಪ್ರಿನ್ಸಿಪಾಲರು ಆ ಚೀಲವನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು, "ಥ್ಯಾಂಕ್ಯೂ ಫಾರ್ ಕಮಿಂಗ್" ಎಂದಷ್ಟೇ ಹೇಳಿ ಕಳುಹಿಸಿದ್ದರು.

ಆಮೇಲಿನ ದಿನಗಳು ನನಗೆ ಬಹಳ ಕಷ್ಟವಾದವು. ಆ ಚೀಲ ತುಂಬಿಕೊಟ್ಟವಳು ನಾನು. ನಿತ್ಯ ದೀಪ ಹಚ್ಚುವಾಗ, "ತಾಯೀ, ನಿನ್ನ ಪ್ರಸಾದದಿಂದಲೇ ಆದ ಫಜೀತಿ, ನೀನೇ ಬಗೆಹರಿಸಬೇಕು" ಎಂದು ಸ್ವಲ್ಪ ಜಬರದಸ್ತಿನಿಂದಲೇ ಕೇಳಿದೆ. ಗಿರಿಜಾ ಫೋನು ಎತ್ತುತ್ತಿರಲಿಲ್ಲ. ಬೇರೆ ಊರಿನ ಶಾಲೆಗಳಿಗೆ ಅರ್ಜಿ ಹಾಕೋಣ ಎಂದು ಮೆಸೇಜು ಮಾಡಿದರೆ ಉತ್ತರವಿಲ್ಲ.

ಒಂದು ಸಂಜೆ ಬಾಗಿಲ ಗಂಟೆ. ತೆಗೆದರೆ ಗಿರಿಜಾ, ಕೋಟು ಬಿಚ್ಚದೆ, ಶೂ ಮಾತ್ರ ಎತ್ತೆತ್ತಲೋ ಎಸೆದು ನುಗ್ಗಿದಳು.

"ಅಕ್ಕಾರ, ಪ್ರಿನ್ಸಿಪಾಲ್ ಫೋನ್ ಮಾಡಿದ್ರು. ಮೊದಲ ಮಾತಿಗೇ 'ನೀವು ನಮ್ಮ ಫುಡ್ ಪಾಲಿಸಿ ಓದಿ ಸೈನ್ ಮಾಡಬೇಕಾಗ್ತದ' ಅಂದ್ರು. ನನಗ ಜೀವ ಹೋದಂಗಾತು. ಕಂಪ್ಲೇಂಟ್ ಮಾಡ್ಲಿಕ್ಕತ್ತಾರ ಅಂತ ತಿಳದು, 'ಸಾರಿ ಸರ್, ಇನ್ನೊಮ್ಮೆ ನಿಮ್ಮ ಸ್ಕೂಲಿಗೆ ಕಾಲಿಡೂದಿಲ್ಲ' ಅಂದೆ."

"ಅಯ್ಯೋ, ಆಮೇಲೆ?"

"'ಕಾಲಿಡದಿದ್ರ ಕೆಲಸಾ ಹೆಂಗ ಮಾಡ್ತೀರಿ?' ಅಂದ್ರು!"

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರಿಗೂ ಕಣ್ಣಲ್ಲಿ ನೀರು. ಅತ್ತೆ ಕುರ್ಚಿಯಿಂದಲೇ, "ಸಿಕ್ತಂತಾ? ಸಿಕ್ತಂತಾ?" ಎಂದು ಕೂಗುತ್ತಿದ್ದರು.

"ಸಿಕ್ತು ಅಜ್ಜಿ! ಸಪ್ಟೆಂಬರ್‌ದಾಗ ಬಾ ಅಂದಾರ." ಅವಳು ಅವರ ಕಾಲ ಬಳಿ ಕುಳಿತಳು. "ನಾ ಬಂದ ಮ್ಯಾಲೆ ಆ ಹುಡುಗ್ರು ಊಟಕ್ಕ ಹೋಗಿ ಅಲ್ಲೂ ಜಗಳಾ ಆಡಿದ್ರಂತ. ಎರಡು ಬೆಸ ಸರಿ, ಮೂರು ಬೆಸ ಕೂಡಿದ್ರ ಏನು ಅಂತ. ಪ್ರೂಫ್ ಕ್ಲಾಸು ಕ್ಯಾಂಟೀನಿನ ತನಕಾ ಹೋಗಿದ್ದನ್ನ ಅವರು ಇದ ಮೊದಲ ಸಲ ನೋಡಿದ್ದಂತ."

"ಅದೂ ಸರಿ," ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮೂರು ಬೆಸ ಸೇರಿದ್ರೆ ಏನಾಗುತ್ತೆ?"

"ಹೇಳ್ತೀನಿ ತಡೀರಿ ಅಜ್ಜಿ. ಮೊದಲನೇದಕ್ಕ ಒಂದು ಅಕ್ಷರ, ಎರಡನೇದಕ್ಕ ಬ್ಯಾರೆ, ಮೂರನೇದಕ್ಕ ಮತ್ತೂ ಬ್ಯಾರೆ…"

ದೋಸೆಗೆ ನೆನೆದ ಅಕ್ಕಿ ರುಬ್ಬಬೇಕಿತ್ತು. ಗ್ರೈಂಡರ್ ಹಾಕಿದರೆ ಅತ್ತೆಗೆ ಒಂದು ಮಾತೂ ಕೇಳಿಸದು. ಅಕ್ಕಿ ಇನ್ನಷ್ಟು ನೆನೆಯಲಿ ಎಂದು, ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದ ಬಟ್ಟೆಯನ್ನು ಅಲ್ಲಿಗೇ ತಂದು ಮಡಿಸಲು ಕುಳಿತೆ.